ಎರಡು ಬೆರಳು ಬಟ್ಟೆ

ಊರಿನ ಅರ್ಧ ಜನರ ಸೊಂಟದ ಸುತ್ತಳತೆ ಟೈಲರಮ್ಮನಿಗೆ ಬಾಯಿಪಾಠವಾಗಿತ್ತು. ಯಾರ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ತಗ್ಗು, ಯಾರು ‘ಸ್ವಲ್ಪ ಸಡಿಲ ಇರಲಿ’ ಎಂದು ಹೊಲಿಸಿಕೊಂಡು ವಾರ ಬಿಟ್ಟು ಬಿಗಿ ಮಾಡಿಸಲು ಬರುತ್ತಾರೆ, ಎಲ್ಲವೂ ಗೊತ್ತು. ಟೇಪು ಕಂಡ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುವವರು ಕೆಲವರಿದ್ದರು. ಅವರ ಸೊಂಟದ ಸುತ್ತ ಟೇಪು ಹಿಡಿದು ಅವಳು ಸುಮ್ಮನೆ ಕಾಯುತ್ತಿದ್ದಳು. ಮನುಷ್ಯರು ಎಷ್ಟು ಹೊತ್ತು ಉಸಿರು ಕಟ್ಟಿಯಾರು? ಅವರು ಉಸಿರು ಬಿಟ್ಟ ಮೇಲೆ ಬಂದ ಅಳತೆಯನ್ನು ಮುಖ ನೋಡದೆ ಬರೆದುಕೊಳ್ಳುತ್ತಿದ್ದಳು. ಈ ಉಪಾಯ ಅವಳದ್ದಲ್ಲ, ಅಕ್ಕ ಕಲಿಸಿದ್ದು.

ಅಕ್ಕ ಕಲಿಸಿದ್ದು ಇನ್ನೊಂದೂ ಇತ್ತು. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುವುದು. ಇಪ್ಪತ್ತಾರು ವರ್ಷಗಳಲ್ಲಿ ಆ ಎರಡು ಬೆರಳು ಬಿಡದೆ ಒಂದು ಅಂಗಿಯೂ ಟೈಲರಮ್ಮನ ಅಂಗಡಿಯ ಹೊಸ್ತಿಲು ದಾಟಿರಲಿಲ್ಲ. ಒಳಗೆ ಅಷ್ಟು ಬಟ್ಟೆ ಯಾಕೆ, ದಪ್ಪ ಕಾಣುತ್ತೆ, ಕತ್ತರಿಸಿ ಬಿಸಾಕಿ ಎಂದು ಮೂಗು ಮುರಿಯುವವರಿಗೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು: “ಮೈ ಇವತ್ತು ಇದ್ದ ಹಾಗೆ ನಾಳೆ ಇರುತ್ತಾ? ಮೂರು ವರ್ಷ ಬಿಟ್ಟು ಇದೇ ಅಂಗಿ ತರ್ತೀರಲ್ಲ, ಆಗ ನನ್ನ ಹೊಗಳ್ತೀರಿ.” ಮೂರು ವರ್ಷ ಬಿಟ್ಟು ಅವರು ಬರುತ್ತಿದ್ದರು, ಹೊಗಳುತ್ತಿರಲಿಲ್ಲ. ಅದು ಬೇರೆ ಮಾತು.

ಮನೆಯ ಮುಂಗೋಣೆಯೇ ಅಂಗಡಿ. ಬೀದಿಗೆ ತೆರೆದ ಬಾಗಿಲು, ಕಾಲಲ್ಲಿ ತುಳಿಯುವ ಮಿಷನ್ನು, ಗೋಡೆಯುದ್ದ ಹಲಗೆ, ಮೂಲೆಯಲ್ಲಿ ಒಂದು ಪರದೆ, ಪರದೆಯ ಹಿಂದೆ ಆಳೆತ್ತರದ ಕನ್ನಡಿ. ಗಿರಾಕಿಗಳು ಹೊಲಿಸಿಕೊಂಡದ್ದನ್ನು ತೊಟ್ಟು ನೋಡುವುದು ಆ ಕನ್ನಡಿಯಲ್ಲಿ. ಟೈಲರಮ್ಮ ಅದನ್ನು ಒರೆಸುತ್ತಿದ್ದಳೇ ಹೊರತು ಅದರ ಮುಂದೆ ನಿಲ್ಲುತ್ತಿರಲಿಲ್ಲ. ನಿಂತು ನೋಡುವಂಥದ್ದು ಮೈಮೇಲೆ ಏನಿತ್ತು? ಗಿರಾಕಿಗಳು ಬಿಟ್ಟುಹೋದ ತುಂಡುಗಳನ್ನೇ ಸೇರಿಸಿ ತನಗೆ ಹೊಲಿದುಕೊಳ್ಳುವವಳು ಅವಳು. ತೋಳಿಗೆ ಒಂದು ಬಣ್ಣ, ಬೆನ್ನಿಗೆ ಇನ್ನೊಂದು. ಎಲ್ಲಿ ಸಾಲದೋ ಅಲ್ಲಿ ಒಂದು ತುಂಡು ಜಾಸ್ತಿ ಕೂಡಿಸಿದರಾಯಿತು, ಅಳತೆಯ ಗೊಡವೆಯೇ ಇಲ್ಲ. ಎದುರು ಮನೆಯವರು ಅದನ್ನು ಹೊಸ ಫ್ಯಾಷನ್ ಎಂದುಕೊಂಡು ತಮಗೂ ಹಾಗೇ ಹೊಲಿದುಕೊಡಿ ಎಂದು ಕೇಳಿದ್ದುಂಟು.

ಹೀಗಿರುವಾಗ ಅಕ್ಕನ ಫೋನು ಬಂತು.

ಅಕ್ಕ ಇರುವುದು ನೀರಿನಾಚೆಯ ದ್ವೀಪದೂರಿನಲ್ಲಿ. ಲಾಂಚಿನಲ್ಲಿ ಐದು ಗಂಟೆಯ ದಾರಿ. ಅಲ್ಲಿ ಅವಳದ್ದೂ ಒಂದು ಹೊಲಿಗೆ ಅಂಗಡಿ. ತಂಗಿಗೆ ಹನ್ನೆರಡು ತುಂಬಿದಾಗ ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವಳು ಅವಳೇ. ಮದುವೆಯಾಗಿ ತಂಗಿ ಈ ಊರಿಗೆ ಹೊರಟು ನಿಂತ ದಿನ ಒಂದು ಹೊಸ ಅಳತೆ ಪುಸ್ತಕ ಕೈಗಿಟ್ಟು, ಅದರ ಮೊದಲ ಪುಟದಲ್ಲಿ ತಂಗಿಯದೇ ಅಳತೆ ತೆಗೆದು ತನ್ನ ಕೈಯಾರೆ ಬರೆದುಕೊಟ್ಟಿದ್ದಳು. ಮೇಲೆ ‘ಪುಟ್ಟಿ’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು.

ಫೋನಿನಲ್ಲಿ ಅಕ್ಕ ಸುತ್ತಿಬಳಸಲಿಲ್ಲ. “ಪುಟ್ಟಿ, ತಿಂಗಳ ಕೊನೆಗೆ ಅಂಗಡಿ ಬಾಗಿಲು ಹಾಕ್ತೀನಿ. ಕತ್ತರಿ ಹಿಡಿದ್ರೆ ಕೈ ನಡುಗುತ್ತೆ, ಗೆರೆ ಮೇಲೆ ನಿಲ್ಲಲ್ಲ. ಅದಕ್ಕೆ ಮುಂಚೆ ಒಂದು ವಾರ ಬಂದು ಇರು. ನೀನು ಬಾ ಅಂದೆ, ಸಾಮಾನಲ್ಲ.”

ಚುಚ್ಚಿದ ಮಾತೇ. ಆದರೆ ಸುಳ್ಳಲ್ಲ. ಹನ್ನೊಂದು ವರ್ಷದ ಹಿಂದೆ ಟೈಲರಮ್ಮ ಅಕ್ಕನ ಮನೆಗೆ ಹೋಗಿದ್ದಳು, ನಾಲ್ಕು ಚೀಲ ಹೊತ್ತು. ನಾಲ್ಕರಲ್ಲಿ ಮೂರೂವರೆ ಬೇರೆಯವರದ್ದು. ಅತ್ತೆಯ ಚಿಕ್ಕಪ್ಪನ ಮಗಳು ಅದೇ ದ್ವೀಪದಲ್ಲಿದ್ದರು, ಯಜಮಾನರ ಹಳೇ ಸ್ನೇಹಿತರು ಅಲ್ಲಿದ್ದರು, ಪಕ್ಕದ ಮನೆಯವರ ಬೀಗರೂ ಅಲ್ಲೇ. ಹೋದ ಆರು ದಿನವೂ ಒಂದೊಂದೇ ಮನೆ ಹುಡುಕಿಕೊಂಡು ಗಂಟು ತಲುಪಿಸುವುದು, ಅವರು ಕೊಟ್ಟ ಗಂಟು ಹೊತ್ತು ತರುವುದು, ಇದರಲ್ಲೇ ಕಳೆದಿತ್ತು. ಅಕ್ಕತಂಗಿ ಕೂತು ಒಂದು ಮಾತಾಡಲಿಲ್ಲ. ಹೊರಡುವ ದಿನ ಅಕ್ಕ ಅಂದದ್ದು ಇಷ್ಟೇ: “ನೀನು ಬಂದಿದ್ದಾ, ಸಾಮಾನು ಬಂದಿದ್ದಾ, ನಂಗೆ ಗೊತ್ತೇ ಆಗ್ಲಿಲ್ಲ.” ಆಮೇಲೆ ಅಕ್ಕನ ಮಗಳ ಮದುವೆಗೆ ಹೋಗಲಾಗಲಿಲ್ಲ, ಶಾಲೆಯ ಯೂನಿಫಾರ್ಮಿನ ಕಾಲ. ಭಾವ ತೀರಿಕೊಂಡಾಗ ಹೋಗಲಾಗಲಿಲ್ಲ, ಅತ್ತೆಯ ಕಾಲು ಮುರಿದಿತ್ತು.

ಆದ್ದರಿಂದ ಈ ಸಲ ಟೈಲರಮ್ಮ ಫೋನಿನಲ್ಲೇ ಮಾತು ಕೊಟ್ಟಳು. ಒಂದೇ ಚೀಲ, ಅದರಲ್ಲಿ ತನ್ನದಷ್ಟೇ. ಮೈಮೇಲೆ ತುಂಡಿನ ಅಂಗಿಯಲ್ಲ, ತನಗಾಗಿಯೇ ಹೊಲಿದುಕೊಂಡದ್ದು. ಅಕ್ಕ ಆಚೆಯಿಂದ “ನೋಡೋಣ” ಎಂದಳು. ಆ ನೋಡೋಣ ಅನ್ನುವುದು ಟೈಲರಮ್ಮನಿಗೆ ಮುಳ್ಳಿನ ಹಾಗೆ ನಾಟಿಕೊಂಡಿತು. ಈ ಒಂದು ಮಾತು ಉಳಿಸಿಕೊಳ್ಳಲೇಬೇಕು ಎಂದು ಅವಳು ಹಟ ತೊಟ್ಟಳು. ಜೀವನದಲ್ಲಿ ದೊಡ್ಡ ಹಟವೇನೂ ತೊಟ್ಟವಳಲ್ಲ, ಇದೊಂದು.

ದೈವವೂ ಒಲಿದ ಹಾಗೆ ಕಂಡಿತು. ದೊಡ್ಡ ದೋಣಿ ರಿಪೇರಿಗೆ ಹೋಗಿ, ಗುರುವಾರಕ್ಕೊಮ್ಮೆ ಚಿಕ್ಕ ಲಾಂಚು ಮಾತ್ರ ಹೋಗುತ್ತಿತ್ತು. ಒಬ್ಬರಿಗೆ ಒಂದು ಚೀಲ, ಏಳು ಕೇಜಿ. ದಡದಲ್ಲಿ ತೂಕ ಹಾಕಿಯೇ ಹತ್ತಿಸುವುದು. ಆ ಏಳು ಕೇಜಿಯ ನಿಯಮ ಕೇಳಿ ಬೇರೆಯವರೆಲ್ಲ ಬೈದರೆ ಟೈಲರಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಯಾರಾದರೂ ಗಂಟು ಹಿಡಿದು ಬಂದರೆ ತಾನು ಕೆಟ್ಟವಳಾಗಬೇಕಿಲ್ಲ, ನಿಯಮವೇ ‘ಇಲ್ಲ’ ಅನ್ನುತ್ತದೆ.

ಕಡಿಮೆ ಬಟ್ಟೆಯಲ್ಲಿ ಒಂದು ವಾರ ಕಳೆಯುವ ವಿದ್ಯೆಯನ್ನು ಅವಳು ಗಿರಾಕಿಯೊಬ್ಬರಿಂದ ಕದ್ದಳು. ಔಷಧಿ ಕಂಪನಿಯ ಕೆಲಸದ ಮೇಲೆ ತಿಂಗಳಿಗೆ ಇಪ್ಪತ್ತು ದಿನ ಊರೂರು ಸುತ್ತುವ ಮೇಡಂ ಒಬ್ಬರು ಹಿಂದಿನ ವರ್ಷ ಅವಳಿಂದಲೇ ಹೊಲಿಸಿಕೊಂಡಿದ್ದರು. ಆರೇ ಆರು ಬಟ್ಟೆ. ಬಿಳಿ, ಬೂದುಗೆರೆ, ತಿಳಿಹಸಿರು, ಹೀಗೆ ಮೂರು ಅಂಗಿ. ಬೂದಿ ಬಣ್ಣದ್ದೊಂದು, ಕಡುನೀಲಿಯದ್ದೊಂದು, ಎರಡು ಪ್ಯಾಂಟು. ಮೇಲೆ ಒಂದು ಉದ್ದನೆಯ ಮೇಲಂಗಿ, ಅದನ್ನು ಒಳಹೊರಗು ಮಾಡಿ ತೊಡಬಹುದು, ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಕಂದು. ಯಾವುದರ ಮೇಲೆ ಯಾವುದು ಹಾಕಿದರೂ ಒಪ್ಪುತ್ತದೆ. ತಿರುಗಿಸಿ ಮುರುಗಿಸಿ ಹಾಕಿದರೆ ಹನ್ನೆರಡು ಜೊತೆ. ಟೈಲರಮ್ಮ ಆಗ ಮನಸ್ಸಿನಲ್ಲೇ ಭೇಷ್ ಅಂದುಕೊಂಡಿದ್ದಳು. ಈಗ ತನಗೂ ಅದೇ, ಹಾಗೇ.

ಬಟ್ಟೆ ತಂದಳು, ಹೊಸದಾಗಿ, ಥಾನಿನ ಸುರುಳಿಯಿಂದ ಕತ್ತರಿಸಿದ್ದು. ಹಲಗೆಯ ಮೇಲೆ ಹರಡಿ ಸೀಮೆಸುಣ್ಣ ಹಿಡಿದಾಗ ಅಳತೆ ಬೇಕಾಯಿತು. ತನ್ನ ಮೈಯ ಅಳತೆಯನ್ನು ತಾನೇ ತೆಗೆದುಕೊಳ್ಳಲು ಯಾವ ಟೈಲರಿಗೂ ಆಗುವುದಿಲ್ಲ, ಕೈ ಎತ್ತಿದರೆ ಬೆನ್ನು ಸೆಟೆಯುತ್ತದೆ, ಬಗ್ಗಿ ನೋಡಿದರೆ ಸೊಂಟ ಮಡಚುತ್ತದೆ. ಯಜಮಾನರನ್ನು ಕರೆದರೆ ಅವರು ಟೇಪು ತಲೆಕೆಳಗಾಗಿ ಹಿಡಿಯುತ್ತಾರೆ. ಇನ್ನೇನು, ಹಳೇ ಪುಸ್ತಕ ಇದೆಯಲ್ಲ. ಟ್ರಂಕಿನಿಂದ ತೆಗೆದು ಮೊದಲ ಪುಟ ಬಿಡಿಸಿದಳು. ಪುಟ್ಟಿ. ಸೊಂಟ ಇಪ್ಪತ್ತೊಂಬತ್ತೂವರೆ. ಅಕ್ಕ ತೆಗೆದ ಅಳತೆ ತಪ್ಪುವುದುಂಟೇ? ಸ್ವಲ್ಪ ಮೈ ತುಂಬಿದೆ ಅನ್ನುವುದು ಅವಳಿಗೂ ಗೊತ್ತಿತ್ತು. ಎರಡು ಇಂಚು ಸೇರಿಸಿ ಕತ್ತರಿ ಹಾಕಿದಳು. ಇಪ್ಪತ್ತಾರು ವರ್ಷಕ್ಕೆ ಎರಡು ಇಂಚು. ಗಿರಾಕಿ ಯಾರಾದರೂ ಹೀಗೆ ಹೇಳಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಸೊಂಟಕ್ಕೆ ಇಲಾಸ್ಟಿಕ್ ಹಾಕಿದ್ದರೆ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಇಲಾಸ್ಟಿಕ್ ಎಂದರೆ ಅವಳಿಗೆ ಮೈಯೆಲ್ಲ ಉರಿ. ಅಳತೆ ಬಾರದವರು ಹಾಕುವ ವಸ್ತು ಅದು ಎನ್ನುತ್ತಿದ್ದಳು. ಪಟ್ಟಿ, ಗುಂಡಿ, ಕಾಜಾ, ಎಲ್ಲ ಸರಿಯಾಗಿ ಇಟ್ಟಳು.

ಇಟ್ಟಳು ಎಂದು ಒಂದೇ ಮಾತಿನಲ್ಲಿ ಹೇಳಿದೆ, ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಮಿಷನ್ನಿನ ಮೇಲೆ ತನ್ನ ಬಟ್ಟೆ ಇಟ್ಟ ಕೂಡಲೇ ಬಾಗಿಲಲ್ಲಿ ಯಾರಾದರೂ ನಿಂತಿರುತ್ತಿದ್ದರು. ಒಬ್ಬರಿಗೆ ಜಿಪ್ಪು ಕಿತ್ತಿದೆ, ಇವತ್ತೇ ಬೇಕು. ಒಬ್ಬರಿಗೆ ನಾಳೆ ಇಂಟರ್‌ವ್ಯೂ, ಕೋಟಿನ ತೋಳು ಉದ್ದ. ಒಬ್ಬರು ಸುಮ್ಮನೆ ಬಂದು, ಟೈಲರಮ್ಮ ಒಂದು ವಾರ ಇರುವುದಿಲ್ಲವಂತೆ ಎಂದು ಕೇಳಿ, ಮುಂದಿನ ಆರು ತಿಂಗಳಲ್ಲಿ ಹರಿಯಬಹುದಾದದ್ದನ್ನೆಲ್ಲ ಮೊದಲೇ ತಂದು ಹಾಕಿದರು. ತನ್ನದನ್ನು ಎತ್ತಿ ಪಕ್ಕಕ್ಕಿಟ್ಟು, ಅವರದ್ದು ಮುಗಿಸಿ, ಮತ್ತೆ ತನ್ನದು ಎತ್ತಿಕೊಳ್ಳುವಷ್ಟರಲ್ಲಿ ಯಾವ ತೋಳು ಯಾವ ಕಡೆಯದ್ದೆಂದು ಮರೆತುಹೋಗಿರುತ್ತಿತ್ತು. ಗಿರಾಕಿಗಳಿಗೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡದೆ ಅವಳು ಮುಂದುವರಿಯುವವಳಲ್ಲ. ತನಗೆ ಯಾರು ತೊಡಿಸಿ ನೋಡಬೇಕು? ಹಲ್ಲು ಕಚ್ಚಿಕೊಂಡು ಹೊಲಿದಳು.

ಹೊಲಿದು ಮುಗಿಸಿ ಆರನ್ನೂ ಮಡಿಸಿ ತಕ್ಕಡಿಗೆ ಹಾಕಿದಾಗ ಎರಡು ಕೇಜಿ ಒಂಬೈನೂರು ಗ್ರಾಂ. ಚೀಲ, ಚಪ್ಪಲಿ, ಟವೆಲ್ಲು, ಒಳಬಟ್ಟೆ, ಸೋಪು, ಬಾಚಣಿಗೆ, ಮಾತ್ರೆ ಎಲ್ಲ ಸೇರಿ ಎರಡು ಕೇಜಿ ನೂರು. ಒಟ್ಟು ಐದು. ಏಳರಲ್ಲಿ ಎರಡು ಉಳಿಯಿತು. ಖಾಲಿ ಕೈ ಬೀಸಿಕೊಂಡು ಹೋಗುವವಳ ಹಾಗೆ ಅವಳು ಚೀಲವನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದಳು.

ಉಳಿದ ಆ ಎರಡು ಕೇಜಿಯ ಸುದ್ದಿಯನ್ನು ಅವಳು ಬಾಯಿ ತಪ್ಪಿ ಊಟದ ಹೊತ್ತಿನಲ್ಲಿ ಹೇಳಬಾರದಿತ್ತು.

ಮೊದಲು ಯಜಮಾನರು. ಮನೆಮನೆಗೆ ಹೋಗಿ ನೀರಿನ ಮೀಟರು ಓದುವ ಕೆಲಸ ಅವರದ್ದು. ಮುಳ್ಳು, ಅಂಕಿ, ತೂಕ, ಅಳತೆ, ಇವುಗಳಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂಬ ಗತ್ತು. ದ್ವೀಪದ ಸ್ನೇಹಿತರು ಹೊಸ ಮನೆ ಕಟ್ಟಿಸಿದ್ದಾರೆ, ಒಂದು ಗೋಡೆ ಗಡಿಯಾರ ಕೊಡೋಣ ಅಂತ ತಂದಿದ್ದೀನಿ, ಇದೇನು ಮಹಾ ಭಾರ ಎಂದರು. ಒಂದು ಕೇಜಿ ಆರುನೂರು. ನಿಯಮ ‘ಇಲ್ಲ’ ಅನ್ನುತ್ತದೆ ಎಂದು ನಂಬಿದ್ದಳಲ್ಲ ಟೈಲರಮ್ಮ, ಏಳರೊಳಗೆ ಇರುವಾಗ ನಿಯಮ ಬಾಯಿ ಮುಚ್ಚಿಕೊಂಡೇ ಇತ್ತು.

ಮಾರನೇ ದಿನ ಅತ್ತೆ. ಚಿಕ್ಕಪ್ಪನ ಮಗಳಿಗೆ ಮಂಡಿನೋವಂತೆ. ತಾವು ಹಚ್ಚಿಕೊಳ್ಳುವ ಎಣ್ಣೆಯನ್ನು ಗಾಜಿನ ಬಾಟಲಿಗೆ ತುಂಬಿ, ಹಳೇ ಟವೆಲ್ಲು ಸುತ್ತಿ, ದಾರ ಬಿಗಿದು, ಸೊಸೆಯ ಚೀಲದೊಳಗೆ ತಾವೇ ಇಟ್ಟು ಆಮೇಲೆ ತಿಳಿಸಿದರು. “ಮುದುಕಿ ಎಷ್ಟು ಸಲ ಕೇಳ್ತೀನಿ ನಿನ್ನ, ಇದೊಂದೇ ತಾನೇ” ಎಂದರು. ಅತ್ತೆ ಕೇಳುವುದು ಯಾವಾಗಲೂ ಇದೊಂದೇ.

ಮೂರನೇ ದಿನ ಪಕ್ಕದ ಮನೆಯ ಬುಕ್ ಬೈಂಡಿಂಗಿನವರು. ಬೀಗರ ಅಂಗಡಿಗೆ ಎರಡು ರಿಜಿಸ್ಟರು, ಚರ್ಮದ ಬೆನ್ನು ಹಾಕಿದ್ದು, ಇಟ್ಟಿಗೆಗಿಂತ ದಪ್ಪ. ಟೈಲರಮ್ಮ ಬಾಯಿ ತೆರೆದಳು, ಆಗುವುದಿಲ್ಲ ಎನ್ನಲು. ಅಷ್ಟರಲ್ಲಿ ಅವರು, ಅತ್ತೆಯ ಕಾಲು ಮುರಿದಾಗ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದು ಯಾರು ಅನ್ನುವುದನ್ನು ನೆನಪಿಸದೆಯೇ ನೆನಪಿಸುವ ಹಾಗೆ, ಅಮ್ಮನವರ ಕಾಲು ಈಗ ಹೇಗಿದೆ ಎಂದು ಕೇಳಿದರು. ಅವಳು ಬಾಯಿ ಮುಚ್ಚಿದಳು.

ಹೊರೆ ಕೊಡುವವರಿಗೆ ಅದು ಗಂಟು. ಹೊರುವವಳಿಗೆ ಮಾತ್ರ ಅದು ತೂಕ. ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಅವರ ಮೇಲೆ ತೀರಿಸಿಕೊಳ್ಳಲಾಗದೆ ಟೈಲರಮ್ಮ ಕತ್ತರಿ ಹಿಡಿದು ತನ್ನ ಬಟ್ಟೆಗಳ ಮೇಲೆ ಕೂತಳು. ಗಡಿಯಾರ ಬಂದ ದಿನ ಜೇಬುಗಳು ಹೋದವು. ಎಣ್ಣೆ ಬಂದ ದಿನ ತೋಳು ಮತ್ತು ಕಾಲಿನ ಒಳಮಡಿಕೆ ಸಣ್ಣದಾಯಿತು. ರಿಜಿಸ್ಟರು ಬಂದ ದಿನ ಅವಳು ಆರು ಬಟ್ಟೆಗಳನ್ನೂ ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಅಂಚಿನಲ್ಲಿದ್ದ ಎರಡು ಬೆರಳು ಬಟ್ಟೆಯನ್ನು ಉದ್ದಕ್ಕೂ ಕತ್ತರಿಸಿ, ಎಳೆ ಬಿಡದ ಹಾಗೆ ದಾರ ಸುತ್ತಿಬಿಟ್ಟಳು. ಬೀದಿಯ ಜನಕ್ಕೆಲ್ಲ ಹೇಳುತ್ತಾ ಬಂದ ಮಾತು ತನ್ನ ಬಟ್ಟೆಗೆ ಬಂದಾಗ ನೆನಪಾಗಲಿಲ್ಲ. ನೆನಪಾಗಿದ್ದರೂ ಕೇಳುತ್ತಿರಲಿಲ್ಲ, ಅಷ್ಟು ತಲೆ ಬಿಸಿಯಾಗಿತ್ತು. ಇಷ್ಟೆಲ್ಲ ಮಾಡಿ ಉಳಿಸಿದ್ದು ಅರ್ಧ ಕೇಜಿ. ಆರು ಬಟ್ಟೆ ಈಗ ಎರಡು ಕೇಜಿ ನಾನೂರು. ಕತ್ತರಿಸಿದ ಪಟ್ಟಿಗಳನ್ನು ಅತ್ತೆ ಸಂತೋಷವಾಗಿ ತಮ್ಮ ದಿಂಬಿಗೆ ತುಂಬಿಕೊಂಡರು.

ಬುಧವಾರ ಮಧ್ಯಾಹ್ನ ಇಸ್ತ್ರಿ ಮುಗಿಸಿ, ಬೆಳಿಗ್ಗೆ ತೊಟ್ಟು ಹೊರಡಬೇಕಾದ ಜೊತೆ ಎತ್ತಿಕೊಂಡು ಅವಳು ಪರದೆಯ ಹಿಂದೆ ಹೋದಳು. ಬಾಗಿಲು ಮುಚ್ಚಿತ್ತು, ಗಿರಾಕಿಗಳಿರಲಿಲ್ಲ. ಕಡುನೀಲಿ ಪ್ಯಾಂಟು ಮಂಡಿಯವರೆಗೆ ಬಂತು, ತೊಡೆಯವರೆಗೆ ಬಂತು, ಆಮೇಲೆ ನಿಂತಿತು. ಕುಣಿದು, ಜಗ್ಗಿ, ಗೋಡೆಗೆ ಒರಗಿ ಸೊಂಟಕ್ಕೆ ಏರಿಸಿದರೆ ಗುಂಡಿಗೂ ಕಾಜಾಕ್ಕೂ ನಡುವೆ ಮುಕ್ಕಾಲು ಗೇಣು ಬಯಲು. ಬಿಳಿ ಅಂಗಿ ಎದೆಯ ಮೇಲೆ ಕೂಡಲಿಲ್ಲ. ಮೇಲಂಗಿ ನೀಲಿ ಮಗ್ಗುಲಲ್ಲಿ ಕೂಡಲಿಲ್ಲ, ಏನೋ ಆಸೆಯಿಂದ ತಿರುಗಿಸಿ ಹಾಕಿದರೆ ಕಂದು ಮಗ್ಗುಲಲ್ಲೂ ಕೂಡಲಿಲ್ಲ. ಹನ್ನೆರಡು ಜೊತೆಯಲ್ಲಿ ಒಂದೂ ಮೈ ಹತ್ತಲಿಲ್ಲ.

ಅಭ್ಯಾಸಬಲದಿಂದ ಬೆರಳು ತಾನಾಗಿ ಒಳಹೊಲಿಗೆಗೆ ಹೋಯಿತು. ಬಿಚ್ಚಿ ಬಿಟ್ಟರಾಯಿತು, ಅರ್ಧ ಗಂಟೆಯ ಕೆಲಸ. ಬೆರಳಿಗೆ ಸಿಕ್ಕಿದ್ದು ಕತ್ತರಿಸಿದ ಬೋಳು ಅಂಚು.

ಅವಳು ಕನ್ನಡಿಯಲ್ಲಿ ಕಂಡವಳನ್ನು ನೋಡಿದಳು. ಎಷ್ಟೋ ಸಾವಿರ ಜನರನ್ನು ಆ ಕನ್ನಡಿಯ ಮುಂದೆ ನಿಲ್ಲಿಸಿದ್ದಾಯಿತು, ಇವಳನ್ನು ಮಾತ್ರ ಒಂದು ಸಲವೂ ನಿಲ್ಲಿಸಿರಲಿಲ್ಲ. ಕೈಕೈ ಹಿಸುಕಿಕೊಂಡಳು. ಮೈ ಪರಚಿಕೊಳ್ಳುವಷ್ಟು ಕೋಪ ಬಂತು. ಗಡಿಯಾರದ ಮೇಲೆ, ಎಣ್ಣೆಯ ಮೇಲೆ, ರಿಜಿಸ್ಟರಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಹಾಳು ಕತ್ತರಿ ಹಿಡಿದ ತನ್ನ ಕೈಯ ಮೇಲೆ. ಒಳಗಿಂದ ಅತ್ತೆ, ದಿಂಬು ಈಗ ಎಷ್ಟು ಮೆತ್ತಗಿದೆ ಗೊತ್ತಾ ಎಂದು ಕೂಗಿ ಹೇಳಿದರು.

ಮತ್ತೆ ಬಟ್ಟೆ ತಂದು ಹೊಲಿಯಲು ಹೊತ್ತಿರಲಿಲ್ಲ. ಅಕ್ಕನ ಹತ್ತಿರ ಹೋದರೆ ಬಗಲಿಗೆ ಪಟ್ಟಿ ಕೊಟ್ಟೋ ಏನೋ ಒಂದು ದಾರಿಯಾದೀತು ಎಂದು ಆರನ್ನೂ ಮಡಿಸಿ ಚೀಲದ ಮೇಲ್ಭಾಗದಲ್ಲಿ ಇಟ್ಟಳು. ತೊಟ್ಟುಕೊಂಡು ಹೋಗಲು ತುಂಡಿನ ಅಂಗಿಗಳಲ್ಲೇ ಸ್ವಲ್ಪ ಚೆನ್ನಾಗಿದ್ದದ್ದನ್ನು ತೆಗೆದಿಟ್ಟಳು. ಇನ್ನೊಂದು ಇಡಲು ಜಾಗವಿರಲಿಲ್ಲ, ಚೀಲ ಆಗಲೇ ಹೊಟ್ಟೆ ಬಿರಿಯುವಂತೆ ಉಬ್ಬಿತ್ತು. ಸಂಜೆ ಯಜಮಾನರು ಆಫೀಸಿನಿಂದ ಕೊಕ್ಕೆಯ ತಕ್ಕಡಿ ತಂದು, ಚೀಲ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ ಮುಳ್ಳು ನೋಡಿದರು. ಆರೂ ಮುಕ್ಕಾಲು. ನಾನು ಹೇಳಲಿಲ್ಲವೇ ಎಂದರು. ಟೈಲರಮ್ಮನಿಗೆ ಲೆಕ್ಕ ಹೊಂದಲಿಲ್ಲ, ಆದರೆ ಕೇಳುವ ಚೈತನ್ಯವೂ ಇರಲಿಲ್ಲ. ಮುಳ್ಳನ್ನು ನೋಡುವ ಭರದಲ್ಲಿ ಅವರು ಚೀಲದ ತಳ ಮಂಚದ ಅಂಚಿನ ಮೇಲೆ ಕೂತಿರುವುದನ್ನು ನೋಡಿರಲಿಲ್ಲ.

ಗುರುವಾರ ಬೆಳಿಗ್ಗೆ ದಡದಲ್ಲಿ ದೊಡ್ಡ ಸಾಲು. ಟಿಕೆಟಿನವರು ಚೀಲವನ್ನು ನೆಲದ ತಕ್ಕಡಿಯ ಮೇಲೆ ಇಡಿಸಿ ನೋಡಿದರು. “ಒಂಬತ್ತು ಕೇಜಿ ನೂರು. ಎರಡು ಕೇಜಿ ತೆಗೀಬೇಕಮ್ಮ.”

ಯಜಮಾನರು ಮುಂದೆ ಬಂದು ಇದು ಸಾಧ್ಯವೇ ಇಲ್ಲ, ನಾನೇ ತೂಗಿದ್ದೀನಿ, ನಿಮ್ಮ ತಕ್ಕಡಿ ಸರಿಯಿಲ್ಲ, ಮೂವತ್ತು ವರ್ಷದಿಂದ ನಾನೂ ಇದೇ ಕೆಲಸ ಮಾಡುವವನು ಎಂದು ಕಾಲು ಕೆರೆದು ಜಗಳಕ್ಕೆ ನಿಂತರು. ಟಿಕೆಟಿನವರು ಅವರನ್ನೇ ತಕ್ಕಡಿಯ ಮೇಲೆ ನಿಲ್ಲಿ ನೋಡೋಣ ಎಂದರು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಲಾಂಚು ಒಂದು ಸಲ ಕೂಗಿತು. ಮುಂದಿನ ಲಾಂಚು ಇನ್ನೊಂದು ಗುರುವಾರ, ಅಷ್ಟರಲ್ಲಿ ತಿಂಗಳು ಮುಗಿದು ಅಕ್ಕನ ಅಂಗಡಿಗೆ ಬೀಗ ಬಿದ್ದಿರುತ್ತದೆ.

ಟೈಲರಮ್ಮ ನೆಲಕ್ಕೆ ಕೂತು ಚೀಲದ ಬಾಯಿ ಬಿಚ್ಚಿದಳು. ಗಡಿಯಾರ ತೆಗೆಯಬಹುದಿತ್ತು. ಅದರ ಜೊತೆಗೆ ಎಣ್ಣೆ ತೆಗೆದರೆ ಆಗಿಯೇ ಹೋಗುತ್ತಿತ್ತು. ಗಡಿಯಾರದ ಒಡೆಯರು ಪಕ್ಕದಲ್ಲೇ ನಿಂತು, ಹುಷಾರು, ಗಾಜು ಎನ್ನುತ್ತಿದ್ದರು. ಮನೆಗೆ ವಾಪಸು ಹೋಗುವ ಎಣ್ಣೆಯ ಬಾಟಲಿಯನ್ನು ನೋಡಿ ಅತ್ತೆ ಮಾಡುವ ಮುಖ ಕಣ್ಣ ಮುಂದೆ ಬಂತು. ಮೇಲೆಯೇ ಇತ್ತು ಆರು ಬಟ್ಟೆಗಳ ಕಟ್ಟು, ಅಚ್ಚುಕಟ್ಟಾಗಿ ಮಡಿಸಿದ್ದು, ಎರಡು ಕೇಜಿ ನಾನೂರು. ಅದನ್ನು ಎತ್ತಿ ಗಂಡನ ಕೈಗೆ ತುರುಕಿದಳು.

“ತಗೊಳ್ಳಿ. ಯಾರಿಗೂ ಬೇಡದ್ದು ಇದೊಂದೇ.”

ಯಜಮಾನರು ಏನೋ ಹೇಳಹೊರಟದ್ದು ಅವಳಿಗೆ ಕಂಡಿತು, ಕಾಯಲಿಲ್ಲ. ಚೀಲ ಆರು ಕೇಜಿ ಏಳುನೂರು ತೂಗಿತು. ಅದನ್ನು ಹೆಗಲಿಗೇರಿಸಿ ಹಲಗೆ ದಾಟಿ ಲಾಂಚು ಹತ್ತಿದಳು.

ಐದು ಗಂಟೆಯ ದಾರಿ. ತೊಡೆಯ ಮೇಲೆ ಚೀಲ, ಚೀಲದೊಳಗೆ ಗಡಿಯಾರ ಟಿಕ್ ಟಿಕ್ ಎಂದು ಅವಳ ಹೊಟ್ಟೆಗೆ ತಾಗುತ್ತಿತ್ತು. ಹಗುರವಾಗಿ ಹೋಗುತ್ತೇನೆ ಅಂದವಳು ಹಗುರವಾಗಿಯೇ ಹೊರಟಿದ್ದಳು, ತನ್ನದು ಅನ್ನುವುದು ಟವೆಲ್ಲು, ಸೋಪು, ಒಳಬಟ್ಟೆ, ಇಂಥವಷ್ಟೇ. ಅಳು ಬಂತು. ದುಃಖದ್ದಲ್ಲ, ಸಿಟ್ಟಿನದ್ದು. ಪಕ್ಕದಲ್ಲಿದ್ದ ಹೆಂಗಸು ಲಾಂಚಿನ ಓಲಾಟಕ್ಕೆ ತಲೆ ಸುತ್ತುತ್ತಿರಬೇಕು ಎಂದುಕೊಂಡು ನಿಂಬೆಹಣ್ಣು ಕೊಟ್ಟಳು.

ಅಕ್ಕನ ಅಂಗಡಿ ಖಾಲಿಯಾಗುತ್ತಿತ್ತು. ಕಪಾಟುಗಳು ಬಾಯಿ ತೆರೆದು ನಿಂತಿದ್ದವು, ಒಂದು ಮಿಷನ್ನು ಆಗಲೇ ಮಾರಿಹೋಗಿತ್ತು. ಅಕ್ಕ ಎದ್ದು ಬಂದು ತಂಗಿಯ ಮುಖ ನೋಡಿದಳು, ಅಂಗಿ ನೋಡಿದಳು, ಎಡತೋಳಿನ ಹಸಿರು, ಬಲತೋಳಿನ ಹಳದಿ. ಚೀಲ ಇಳಿಸಿಕೊಂಡು ತಾನೇ ಬಿಚ್ಚಿದಳು. ಬಿಚ್ಚುವಾಗ ಅವಳ ಬೆರಳು ನಡುಗುತ್ತಿದ್ದದ್ದನ್ನು ಟೈಲರಮ್ಮ ಮೊದಲ ಸಲ ಕಂಡಳು. ಗಡಿಯಾರ ಹೊರಗೆ ಬಂತು. ಬಾಟಲಿ ಬಂತು. ರಿಜಿಸ್ಟರು ಒಂದು, ಎರಡು. ಟವೆಲ್ಲು, ಸೋಪು ಸರಿಸಿ ಅಕ್ಕ ಚೀಲದ ತಳದವರೆಗೆ ಕೈ ಹಾಕಿ ತಡಕಾಡಿದಳು.

“ನಿಂದು ಎಲ್ಲಿ?”

ಟೈಲರಮ್ಮ ಎಲ್ಲವನ್ನೂ ಹೇಳಿದಳು. ಹನ್ನೆರಡು ಜೊತೆ, ಮೊದಲ ಪುಟ, ಎರಡು ಇಂಚು, ದಿಂಬು, ದಡ. ಕೊನೆಗೆ ಹೊಲಿಗೆಯ ಒಳಗಿನ ಬಟ್ಟೆ ಕತ್ತರಿಸಿದ್ದನ್ನು ಹೇಳುವಾಗ ಮಾತ್ರ, ಹನ್ನೆರಡು ವರ್ಷದವಳು ಸೂಜಿ ಮುರಿದು ನಿಂತಂತೆ ನೆಲ ನೋಡಿದಳು. ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದಳು. ಅಕ್ಕ ಗಡಿಯಾರ, ಬಾಟಲಿ, ರಿಜಿಸ್ಟರುಗಳನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಸಾಲಾಗಿ ಇಟ್ಟಳು. ಬೇಕಾದವರು ಬಂದು ತಗೊಂಡು ಹೋಗಲಿ, ನೀನು ಎಲ್ಲಿಗೂ ಹೋಗುವುದಿಲ್ಲ ಎಂದಳು. ಆಮೇಲೆ ಕಪಾಟಿನ ಮೇಲಿನಿಂದ ಕಾಗದ ಸುತ್ತಿದ ಒಂದು ಕಟ್ಟು ಇಳಿಸಿದಳು. ಕಡುನೀಲಿ ಬಟ್ಟೆ. ಅಂಗಡಿಯದ್ದೆಲ್ಲ ಮಾರಿದರೂ ಅದನ್ನು ಮಾರಿರಲಿಲ್ಲ. “ತುಂಡಲ್ಲ, ಥಾನಿಂದ ಕತ್ತರಿಸಿದ್ದು. ನೀನು ಹೀಗೇ ಬರ್ತೀಯ ಅಂತ ಗೊತ್ತಿತ್ತು. ನೇರ ನಿಲ್ಲು.”

ಕೊರಳಲ್ಲಿದ್ದ ಟೇಪು ತೆಗೆದು ಅಕ್ಕ ಅವಳ ಸೊಂಟದ ಸುತ್ತ ತಂದಳು. ಇಪ್ಪತ್ತಾರು ವರ್ಷವಾಗಿತ್ತು ಆ ಮೈಗೆ ಒಬ್ಬರು ಟೇಪು ಹಿಡಿದು. ಹಿಂದಿನ ಸಲ ಹಿಡಿದದ್ದೂ ಇದೇ ಕೈ.

ಅಕ್ಕ ಅಳತೆ ಓದಲಿಲ್ಲ. ಟೇಪು ಹಿಡಿದು ಸುಮ್ಮನೆ ನಿಂತಿದ್ದಳು. ಯಾಕೆ ತಡ ಮಾಡುತ್ತಿದ್ದಾಳೆ ಎಂದು ಟೈಲರಮ್ಮನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು, ತಾನು ಉಸಿರು ಕಟ್ಟಿ ಹೊಟ್ಟೆಯನ್ನು ಬೆನ್ನಿಗಂಟಿಸಿಕೊಂಡು ನಿಂತಿದ್ದೇನೆ ಎಂದು. ಅಕ್ಕ ಕಾಯುತ್ತಿದ್ದಳು. ತಂಗಿ ಎಷ್ಟು ಹೊತ್ತು ಕಟ್ಟಿಯಾಳು? ಉಸಿರು ಬಿಟ್ಟಳು. ಉಸಿರಿನ ಹಿಂದೆಯೇ ಲಾಂಚಿನಲ್ಲಿ ಅರ್ಧಕ್ಕೆ ನಿಂತಿದ್ದ ಅಳು ಪೂರ್ತಿ ಬಂತು.

“ಮೂವತ್ತೇಳೂವರೆ” ಎಂದಳು ಅಕ್ಕ, ಮುಖ ನೋಡದೆ.

“ನಿನ್ನ ಟೇಪು ಸವೆದಿದೆ ಅಕ್ಕಾ.”

“ಟೇಪು ಸರಿಯಾಗಿದೆ. ಬರ್ಕೋ. ಕತ್ತರಿ ನೀನು ಹಿಡಿ, ತುಳಿಯೋದು ನಾನು ತುಳೀತೀನಿ.”

ಅಂಗಡಿಯ ಅಳತೆ ಪುಸ್ತಕದಲ್ಲಿ ಒಂದೇ ಪುಟ ಉಳಿದಿತ್ತು. ಟೈಲರಮ್ಮ ಮೂಗು ಒರೆಸಿಕೊಂಡು, ಮೇಲೆ ‘ಪುಟ್ಟಿ’ ಎಂದು ಬರೆದು ಗೆರೆ ಎಳೆದಳು. ಸೊಂಟ ಮೂವತ್ತೇಳೂವರೆ ಎಂದು ಬರೆದಳು. ಅದರ ಪಕ್ಕದಲ್ಲಿ, ಅಕ್ಕ ಹೇಳುವ ಮೊದಲೇ, ಒಳಗೆ ಎರಡು ಬೆರಳು ಎಂದು ಸೇರಿಸಿದಳು.